ಕ್ಯೋಟೊ: ಎಂಟು ರಾತ್ರಿ, ಒಂದೇ ಬೀದಿ

ಬೆಂಗಳೂರಿಂದ ಹೊರಡೋ ಜಪಾನ್ ಪ್ಯಾಕೇಜ್ ಟೂರುಗಳಲ್ಲಿ ಕ್ಯೋಟೊ ಪಾಲಿಗೆ ಬರೋದು ಸಾಮಾನ್ಯವಾಗಿ ಒಂದೆರಡು ದಿನ. ಬೆಳಿಗ್ಗೆ ಚಿನ್ನದ ಮಂಟಪ, ಮಧ್ಯಾಹ್ನ ಬಿದಿರು ಮೆಳೆ, ಸಂಜೆ ಕೆಂಪು ತೋರಣಗಳ ಬೆಟ್ಟ, ರಾತ್ರಿಗೆ ಒಸಾಕಾ. ಫೋಟೊ ಚೆನ್ನಾಗಿ ಬರುತ್ತೆ, ಊರು ಮಾತ್ರ ಮನಸ್ಸಿಗೆ ಹತ್ತಲ್ಲ. ಗಾಂಧಿಬಜಾರು ನಮಗೆ ಹತ್ತಿದ್ದು ಹೇಗೆ ಅಂತ ನೆನಪಿಸಿಕೊಳ್ಳಿ: ಅದೇ ಹೂವಿನಜ್ಜಿ ಹತ್ತಿರ ನಾಲ್ಕನೇ ಸಲ ಚೌಕಾಸಿ ಮಾಡಿದಾಗ, ಯಾವ ಅಂಗಡಿ ಎಷ್ಟು ಹೊತ್ತಿಗೆ ಬಾಗಿಲು ತೆಗೆಯುತ್ತೆ ಅಂತ ಕೇಳದೇ ಗೊತ್ತಾದಾಗ. ಪರದೇಶದ ಊರಿಗೂ ಅದೇ ಲೆಕ್ಕ. ಕ್ಯೋಟೊ ಹಿಡಿಸಬೇಕು ಅಂದರೆ ಎಂಟು ರಾತ್ರಿ ಒಂದೇ ಕಡೆ ಉಳೀರಿ, ನೋಡೋ ಜಾಗಗಳ ಪಟ್ಟಿ ಅರ್ಧಕ್ಕೆ ಇಳಿಸಿ, ಮಿಕ್ಕ ಹೊತ್ತು ಹೋದ ಕಡೆಗೇ ಮತ್ತೆ ಹೋಗಿ. ಅದಕ್ಕೆ ಬೇಕಾದ ತಯಾರಿ ಇದು.

ವೀಸಾ ವಿಷಯ ಬೇಗ ಮುಗಿಸೋಣ. 2024ರ ಏಪ್ರಿಲ್‌ನಿಂದ ಇಲ್ಲಿ ವಾಸವಿರೋ ಭಾರತೀಯರಿಗೆ ಜಪಾನಿನ ಪ್ರವಾಸಿ ವೀಸಾ ಇ-ವೀಸಾ ರೂಪದಲ್ಲಿ ಬರುತ್ತೆ. ಅರ್ಜಿಯನ್ನು ವೀಸಾ ಕೇಂದ್ರಕ್ಕೇ ಕೊಡಬೇಕು, ಪಾಸ್‌ಪೋರ್ಟಿಗೆ ಸ್ಟಿಕ್ಕರ್ ಬೀಳಲ್ಲ. ಯಾವ ದಿನ ಎಲ್ಲಿ ಅಂತ ಪಟ್ಟಿ ಕೇಳ್ತಾರೆ. ಎಂಟು ಸಾಲಲ್ಲೂ ಕ್ಯೋಟೊ ಅಂತಲೇ ಇದ್ದರೆ ತೊಂದರೆಯಿಲ್ಲ, ಹೋಟೆಲ್ ಬುಕಿಂಗಿನ ತಾರೀಖಿಗೆ ತಾಳೆಯಾದರೆ ಸಾಕು. ಎಡವೋ ಜಾಗ ಬೇರೆ ಇದೆ. ವಿಮಾನ ನಿಲ್ದಾಣದಲ್ಲಿ ಆ ವೀಸಾವನ್ನು ಇಂಟರ್ನೆಟ್ ಇರೋ ಫೋನಲ್ಲಿ, ಅವರ ವೆಬ್‌ಸೈಟಿಂದಲೇ ತೆರೆದು ತೋರಿಸಬೇಕು. ಸ್ಕ್ರೀನ್‌ಶಾಟು, ಪ್ರಿಂಟು ನಡೆಯಲ್ಲ. ಪಾಸ್‌ವರ್ಡ್ ಮರೆತಿದ್ದರೆ, ಬ್ಯಾಟರಿ ಸತ್ತಿದ್ದರೆ ಕ್ಯೂನಲ್ಲಿ ಬೆವರಬೇಕಾಗುತ್ತೆ.

ಬೆಂಗಳೂರಿಂದ ಟೋಕಿಯೊದ ನರಿತಾಗೆ ಜಪಾನ್ ಏರ್‌ಲೈನ್ಸಿನ ನೇರ ವಿಮಾನ ಇದೆ. ಆದರೆ ನರಿತಾದಿಂದ ಕ್ಯೋಟೊಗೆ ಇನ್ನೂ ಸುಮಾರು ನಾಲ್ಕು ಗಂಟೆ ದಾರಿ: ಮೊದಲು ಶಿನಾಗಾವಾ ಅಥವಾ ಟೋಕಿಯೊವರೆಗೆ ರೈಲು, ಆಮೇಲೆ ಶಿಂಕಾನ್‌ಸೆನ್, ಅಂದರೆ ಬುಲೆಟ್ ರೈಲು. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಸಿಂಗಪುರ ಅಥವಾ ಬ್ಯಾಂಕಾಕ್ ಮೇಲೆ ಕನ್ಸಾಯ್ ನಿಲ್ದಾಣಕ್ಕೆ ಇಳಿಯೋದೇ ವಾಸಿ. ಅಲ್ಲಿಂದ ಹರುಕಾ ರೈಲು 80 ನಿಮಿಷದೊಳಗೆ ಕ್ಯೋಟೊ ಮುಟ್ಟಿಸುತ್ತೆ. ಶಿಂಕಾನ್‌ಸೆನ್ ಹತ್ತೋರು ಸೂಟ್‌ಕೇಸ್ ಅಳೆದು ನೋಡಿ. ಉದ್ದ, ಅಗಲ, ಎತ್ತರ ಕೂಡಿಸಿ 160 ಸೆಂ.ಮೀ. ದಾಟಿದರೆ ಲಗೇಜ್ ಜಾಗ ಇರೋ ಸೀಟನ್ನೇ ಮುಂಚಿತವಾಗಿ ಬುಕ್ ಮಾಡಬೇಕು. ಟೋಕಿಯೊದಿಂದ ಹೊರಟರೆ ಬಲಗಡೆ ಕಿಟಕಿಯ 'ಇ' ಸೀಟು ಕೇಳಿ, ಮೋಡವಿಲ್ಲದಿದ್ದರೆ ಮುಕ್ಕಾಲು ಗಂಟೆ ಆಸುಪಾಸಲ್ಲಿ ಫ್ಯೂಜಿ ಕಾಣುತ್ತೆ. ಜಪಾನ್ ರೈಲ್ವೆಯ (ಜೆಆರ್) ರೈಲುಗಳಲ್ಲಿ ಓಡಾಡೋಕೆ ಕೊಡೋ ಏಳು ದಿನದ ಜೆಆರ್ ಪಾಸ್ 2023ರ ಅಕ್ಟೋಬರ್‌ನಲ್ಲಿ 50,000 ಯೆನ್‌ಗೆ ಏರಿತು. ಒಂದೇ ಊರಲ್ಲಿ ಉಳಿಯೋರಿಗೆ ಅದು ದಂಡ.

ಎಲ್ಲರೂ ಮರೆಯೋದು ಗಡಿಯಾರ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. 'ಬೆಳಿಗ್ಗೆ ಐದಕ್ಕೇ ಎದ್ದು ಜನ ಬರೋ ಮುಂಚೆ ನೋಡಿಬಿಡಿ' ಅನ್ನೋ ಸಲಹೆ ಎಲ್ಲ ಕಡೆ ಸಿಗುತ್ತೆ, ಆದರೆ ಅಲ್ಲಿಯ ಐದು ಅಂದರೆ ನಿಮ್ಮ ಮೈಗೆ ರಾತ್ರಿ ಒಂದೂವರೆ. ಅಮೆರಿಕದಿಂದ ಬಂದವರ ಲೆಕ್ಕವೇ ಬೇರೆ, ನಮ್ಮದೇ ಬೇರೆ. ಮೊದಲ ಮೂರು ದಿನ ಸಂಜೆಗಳನ್ನು ಬಳಸಿಕೊಳ್ಳಿ: ಕೆಂಪು ಮರದ ತೋರಣಗಳು ಸಾಲಾಗಿ ನಿಂತಿರೋ ಫುಶಿಮಿ ಇನಾರಿ ಬೆಟ್ಟಕ್ಕೆ ಬಾಗಿಲಿಲ್ಲ, ರಾತ್ರಿ ಒಂಬತ್ತಕ್ಕೂ ಹತ್ತಬಹುದು. ಆರಕ್ಕೇ ತೆರೆಯೋ ಕಿಯೊಮಿಜು ದೇವಾಲಯವನ್ನು ಐದನೇ ದಿನಕ್ಕೆ ಇಟ್ಟುಕೊಳ್ಳಿ.

ಉಳಿಯೋಕೆ ಎಲ್ಲಿ? ಹೆಚ್ಚಿನವರು ಕ್ಯೋಟೊ ಸ್ಟೇಷನ್ ಎದುರಿಗೇ ಹೋಟೆಲ್ ಹಿಡೀತಾರೆ, ಅದು ಮೆಜೆಸ್ಟಿಕ್ಕಲ್ಲಿ ಉಳಿದು ಬೆಂಗಳೂರು ನೋಡಿದ ಹಾಗೆ. ನನ್ನ ಮತ ದೆಮಾಚಿಯಾನಗಿಗೆ. ಕಾಮೊ, ತಕಾನೊ ಅನ್ನೋ ಎರಡು ಹೊಳೆ ಕೂಡೋ ಜಾಗ ಅದು. ಕೇಹನ್ ರೈಲು ಅಲ್ಲಿಗೇ ಕೊನೆ, ಕುರಾಮಾ ಬೆಟ್ಟಕ್ಕೆ ಹೋಗೋ ಪುಟ್ಟ ಎಯ್‌ಜಾನ್ ರೈಲು ಅಲ್ಲಿಂದಲೇ ಶುರು. ಹೊಳೆ ದಾಟಿದರೆ ಮಸುಗಾತಾ ಅನ್ನೋ ಚಾವಣಿ ಹಾಕಿದ ಸಂತೆಬೀದಿ: ತೋಫು, ತರಕಾರಿ, ಮೀನು ಎಲ್ಲ ಊರವರಿಗಾಗಿ. ಅದರ ಪಕ್ಕದಲ್ಲೇ ಫುತಾಬಾ ಅನ್ನೋ ಹಳೇ ಸಿಹಿ ಅಂಗಡಿ, ಎದುರಿಗೆ ಯಾವಾಗಲೂ ಕ್ಯೂ. ಅವರ ಮಾಮೆಮೋಚಿ ಅಂದರೆ ಕಾಳು ಸೇರಿಸಿದ ಅಕ್ಕಿಹಿಟ್ಟಿನ ಮುದ್ದೆಯೊಳಗೆ ಹೂರಣ. ಕಡುಬು ತಿಂದು ಬೆಳೆದವರಿಗೆ ಪರಿಚಯ ಮಾಡಿಸಬೇಕಾಗಿಲ್ಲ. ಅವತ್ತೇ ತಿನ್ನಬೇಕು, ಮಾರನೇ ದಿನಕ್ಕೆ ಬಿರುಸಾಗುತ್ತೆ. ಹೊಳೆಗೆ ಅಡ್ಡಲಾಗಿ ಆಮೆ ಆಕಾರದ ಕಲ್ಲುಗಳಿವೆ, ಮಕ್ಕಳಿಂದ ಮುದುಕರವರೆಗೆ ಅದರ ಮೇಲೆ ಹಾರಿಕೊಂಡು ದಾಟ್ತಾರೆ. ದಂಡೆಯಲ್ಲಿ ಕೂತು ಮೋಚಿ ಬಿಚ್ಚೋ ಮುಂಚೆ ತಲೆ ಎತ್ತಿ ನೋಡಿ. ಮೇಲೆ ಸುತ್ತೋ ಹದ್ದುಗಳು ಹಿಂದಿನಿಂದ ಬಂದು ಕೈಯಲ್ಲಿರೋ ತಿಂಡಿಯನ್ನೇ ಎತ್ತಿಕೊಂಡು ಹೋಗ್ತವೆ; ಅದಕ್ಕೆಂದೇ ಅಲ್ಲಿ ಎಚ್ಚರಿಕೆ ಬೋರ್ಡುಗಳಿವೆ. ಮರದ ಕೆಳಗೆ ಅಥವಾ ಸೇತುವೆಯ ನೆರಳಲ್ಲಿ ಕೂತರೆ ಕ್ಷೇಮ.

ಕ್ಯೋಟೊ ಸ್ಟೇಷನ್ನಿಂದ ಅಲ್ಲಿಗೆ ಬಸ್ಸಲ್ಲಿ ಬರಬೇಡಿ, ಅದೂ ಲಗೇಜು ಹಿಡಿದು. ಜೆಆರ್ ನಾರಾ ಲೈನಲ್ಲಿ ಒಂದೇ ಸ್ಟಾಪು, ತೋಫುಕುಜಿ. ಅಲ್ಲಿ ಕೇಹನ್‌ಗೆ ಬದಲಿಸಿ ಕೊನೇ ನಿಲ್ದಾಣದವರೆಗೆ ಕೂತಿರಿ. ಇನಾರಿಗೂ ಇದೇ ಕೇಹನ್ ಲೈನು, ಆದರೆ ಲಿಮಿಟೆಡ್ ಎಕ್ಸ್‌ಪ್ರೆಸ್ ಅಲ್ಲಿ ನಿಲ್ಲದೆ ಮುಂದಕ್ಕೆ ಹೋಗಿಬಿಡುತ್ತೆ.

ದಿಕ್ಕು ಕಲಿಯೋದು ಒಂದು ಗಂಟೆಯ ಕೆಲಸ. 794ರಲ್ಲಿ ರಾಜಧಾನಿಯಾಗಿ ಕಟ್ಟಿದಾಗಲೇ ಚೌಕ ಚೌಕವಾಗಿ ಬೀದಿ ಎಳೆದ ಊರು. ಪೂರ್ವ, ಉತ್ತರ, ಪಶ್ಚಿಮಕ್ಕೆ ಬೆಟ್ಟ, ದಕ್ಷಿಣ ಬಯಲು. ಕಾಮೊ ಹೊಳೆ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತೆ, ಹಾಗಾಗಿ ನೀರು ನೋಡಿದರೆ ದಿಕ್ಕು ಗೊತ್ತು. ವಿಳಾಸ ಹೇಳೋದು ಎರಡು ಬೀದಿ ಕೂಡೋ ಮೂಲೆಯಿಂದ: 'ಅಗಾರು' ಅಂದರೆ ಅಲ್ಲಿಂದ ಮೇಲಕ್ಕೆ, ಅಂದರೆ ಉತ್ತರಕ್ಕೆ, 'ಸಗಾರು' ಅಂದರೆ ಕೆಳಕ್ಕೆ, ದಕ್ಷಿಣಕ್ಕೆ. 'ಹಿಗಾಶಿ ಇರು' ಪೂರ್ವಕ್ಕೆ, 'ನಿಶಿ ಇರು' ಪಶ್ಚಿಮಕ್ಕೆ. ನಾಲ್ಕನೇ ಮೇನು ಏಳನೇ ಕ್ರಾಸಲ್ಲಿ ಬೆಳೆದವರಿಗೆ ಇದು ಉಳಿದ ಜಪಾನಿನ ವಿಳಾಸಗಳಿಗಿಂತ ಎಷ್ಟೋ ಸಲೀಸು.

ಸಿಟಿ ಬಸ್ಸಿನ ರೀತಿ ನಮ್ಮ ಬಿಎಂಟಿಸಿಗೆ ತಲೆಕೆಳಗು. ಹಿಂದಿನ ಬಾಗಿಲಲ್ಲಿ ಹತ್ತೋದು, ಮುಂದಿನಿಂದ ಇಳಿಯೋದು, ದುಡ್ಡು ಇಳಿಯುವಾಗ. ಊರೊಳಗೆ ಎಲ್ಲಿಂದ ಎಲ್ಲಿಗಾದರೂ 230 ಯೆನ್. ಡಬ್ಬಿ ಚಿಲ್ಲರೆ ವಾಪಸ್ ಕೊಡಲ್ಲ, ಪಕ್ಕದ ಯಂತ್ರದಲ್ಲಿ ಮೊದಲು ನೋಟು ಮುರಿಸಿ ಸರಿಯಾಗಿ ಎಣಿಸಿ ಹಾಕಬೇಕು. ಸಾವಿರದ ನೋಟು ಮಾತ್ರ ನಡೆಯುತ್ತೆ. ಇಳಿಯೋ ಸ್ಟಾಪು ಬರೋ ಮೊದಲೇ ಎದ್ದು ಬಾಗಿಲಿಗೆ ನುಗ್ಗೋ ನಮ್ಮ ಅಭ್ಯಾಸ ಬಿಡಿ, ಬಸ್ಸು ನಿಂತ ಮೇಲೆ ಎದ್ದರೆ ಡ್ರೈವರ್ ಕಾಯ್ತಾರೆ. ಹೂವಿನ ಕಾಲ, ಎಲೆ ಕೆಂಪಾಗೋ ಕಾಲದಲ್ಲಿ ಕಿಯೊಮಿಜು ಕಡೆಯ ಬಸ್ಸು ಸಿಲ್ಕ್ ಬೋರ್ಡನ್ನು ನೆನಪಿಸುತ್ತೆ. ಆಗ ರೈಲು, ಇಲ್ಲವೇ ಕಾಲು.

ಈಗ ಭಾಷೆ. ಕನ್ನಡಿಗರಿಗೆ ಇಲ್ಲಿ ಸಿಗೋ ಅನುಕೂಲ ಇಂಗ್ಲಿಷಿನವರಿಗೆ ಸಿಗಲ್ಲ, ಆದರೂ ನಮ್ಮವರು ಇಂಗ್ಲಿಷ್ ಮೂಲಕವೇ ಜಪಾನಿ ಕಲಿಯೋಕೆ ಹೋಗಿ ಕಷ್ಟಪಡ್ತಾರೆ. ಕತಕಾನಾ ಲಿಪಿಯ 46 ಅಕ್ಷರ ಇರೋದು ವರ್ಣಮಾಲೆಯ ಕ್ರಮದಲ್ಲಿ. ಸಂಸ್ಕೃತ ಓದಿದ ಬೌದ್ಧ ಪಂಡಿತರ ಪ್ರಭಾವ ಅದು. ಸ್ವರ ಅ, ಇ, ಉ, ಎ, ಒ. ಸಾಲುಗಳು ಕ, ಸ, ತ, ನ, ಹ, ಮ, ಯ, ರ, ವ. ಪವರ್ಗದ ಜಾಗದಲ್ಲಿ ಹಕಾರ ಯಾಕೆ ಕೂತಿದೆ? ಹಳೇ ಜಪಾನಿಯಲ್ಲಿ ಅದು ಪಕಾರವೇ ಆಗಿತ್ತು, ಕಾಲಾಂತರದಲ್ಲಿ ಹಕಾರವಾಯ್ತು. ಹಳಗನ್ನಡದ ಪಾಲು ನಮ್ಮಲ್ಲಿ ಹಾಲಾದ ಹಾಗೆ. ದಿನಕ್ಕೆ ಒಂದು ಸಾಲಿನಂತೆ ಕಲಿತರೆ ಹತ್ತು ದಿನ ಸಾಕು, ಮೆನುವಿನ ಅರ್ಧ ಓದೋಕೆ ಬರುತ್ತೆ, ಯಾಕಂದರೆ ಹೊರಗಿಂದ ಬಂದ ಪದಗಳೆಲ್ಲ ಕತಕಾನಾದಲ್ಲೇ. ಬಸ್ಸು ಅವರ ಬಾಯಲ್ಲಿ ಬಸು, ಹೋಟೆಲು ಹೊತೆರು. ಕೊನೆಗೆ ಉಕಾರ ಅಂಟಿಸೋದರಲ್ಲಿ ಅವರೂ ನಾವೂ ಒಂದೇ.

ವಾಕ್ಯ ಇನ್ನೂ ಸುಲಭ. 'ಕೊನೊ ಬಸು ವಾ ದೆಮಾಚಿಯಾನಗಿ ನಿ ಇಕಿಮಾಸು ಕಾ' ಅಂದರೆ 'ಈ ಬಸ್ಸು ದೆಮಾಚಿಯಾನಗಿಗೆ ಹೋಗುತ್ತಾ'. 'ನಿ' ನಮ್ಮ 'ಗೆ', 'ಇಕಿಮಾಸು' ಹೋಗುತ್ತೆ, ಕೊನೆಯ 'ಕಾ' ನಮ್ಮ ಪ್ರಶ್ನೆಯ 'ಆ'. ಬರೀ 'ವಾ' ಒಂದಕ್ಕೆ ನಮ್ಮಲ್ಲಿ ಸರಿಸಾಟಿ ಇಲ್ಲ, 'ಅಂತೂ' ಹತ್ತಿರ ಬರುತ್ತೆ. ಪದಗಳನ್ನು ಹಿಂದೆ ಮುಂದೆ ಮಾಡೋ ಪ್ರಮೇಯವೇ ಇಲ್ಲ, ಕನ್ನಡದಲ್ಲಿ ಯೋಚಿಸಿ ಒಂದೊಂದೇ ಪದ ಬದಲಿಸಿದರೆ ಆಯ್ತು.

ಸಸ್ಯಾಹಾರಿಗಳು ಬಾಯಿಪಾಠ ಮಾಡಬೇಕಾದ ವಾಕ್ಯವೂ ಹೀಗೇ ಇದೆ: 'ನಿಕು ಮೊ ಸಕಾನಾ ಮೊ ತಬೆಮಾಸೆನ್'. ಮಾಂಸವೂ ಮೀನೂ ತಿನ್ನಲ್ಲ. ಆ 'ಮೊ' ನಮ್ಮ 'ಊ'. ಇಷ್ಟಕ್ಕೇ ನಿಲ್ಲಿಸಿದರೆ ಮೋಸ ಹೋಗ್ತೀರಿ, ಎರಡನೇ ವಾಕ್ಯ ಸೇರಿಸಲೇಬೇಕು: 'ಕತ್ಸುಒ ನೊ ದಾಶಿ ಮೊ ದಮೆ ದೆಸು', ಕತ್ಸುಒ ಸಾರೂ ಆಗಲ್ಲ. ಕತ್ಸುಒ ಒಂದು ಮೀನು, ಅದನ್ನು ಹೊಗೆಯಾಡಿಸಿ ಒಣಗಿಸಿ ಹೆರೆದು ಇಟ್ಟುಕೊಳ್ತಾರೆ. ಅದನ್ನು ಬಿಸಿನೀರಲ್ಲಿ ಅದ್ದಿ ತೆಗೆದ ದಾಶಿ ಅಲ್ಲಿಯ ಅಡುಗೆಗೆ ನಮ್ಮ ಒಗ್ಗರಣೆ ಇದ್ದ ಹಾಗೆ, ಎಲ್ಲದರಲ್ಲೂ ಇರುತ್ತೆ. ಮೀನಿನ ತುಂಡು ಕಾಣದಿದ್ದರೆ ಅಡುಗೆಯವರ ಲೆಕ್ಕದಲ್ಲಿ ಅದು ತರಕಾರಿ ಸಾರೇ, ಸುಳ್ಳು ಹೇಳ್ತಿಲ್ಲ ಅವರು. ಹಾಗಾಗಿ ಉದೋನ್, ಸೋಬಾ ಅನ್ನೋ ನೂಡಲ್ಸ್, ಮಿಸೊ ಸಾರು, ಬಜ್ಜಿಯಂಥ ತರಕಾರಿ ತೆಂಪುರಾ ಅದ್ದಿಕೊಳ್ಳೋ ರಸ, ಇನಾರಿ ಸುಶಿಯ ಬೇಯಿಸಿದ ತೋಫು ಚೀಲ, ಕೆಲವು ಉಪ್ಪಿನಕಾಯಿ, ಎಲ್ಲದರಲ್ಲೂ ಅದು ಅಡಗಿರುತ್ತೆ. ಅಂಗಡಿಯಲ್ಲಿ ಸಿಗೋ 'ಕರ್ರಿ' ಮಸಾಲೆ ಬಿಲ್ಲೆಗಳಲ್ಲಿ ಪ್ರಾಣಿ ಕೊಬ್ಬು ಸಾಮಾನ್ಯ.

ಸಮಾಧಾನವೂ ಈ ಊರಲ್ಲೇ ಇದೆ. ದೇವಾಲಯಗಳ ಶೋಜಿನ್ ಊಟಕ್ಕೆ ಮಾಂಸ ಮೀನು ಮಾತ್ರ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ನಿಷಿದ್ಧ. ದಾಶಿಯನ್ನು ಕೊಂಬು ಅನ್ನೋ ಕಡಲ ಪಾಚಿ ಮತ್ತು ಒಣ ಅಣಬೆಯಿಂದ ತೆಗೀತಾರೆ. ಮಡಿಯ ಅಜ್ಜಿಯನ್ನೂ ಧೈರ್ಯವಾಗಿ ಕೂರಿಸಬಹುದು, ಅಣಬೆ ಒಪ್ಪಿದರೆ. ಅರಾಶಿಯಾಮಾದ ತೆನ್ರ್ಯುಜಿ ದೇವಾಲಯದ ಆವರಣದ ಶಿಗೆತ್ಸು ಒಳ್ಳೇ ಜಾಗ, ಊಟ ಮಧ್ಯಾಹ್ನ ಮಾತ್ರ, ತೋಟದ ಪ್ರವೇಶಕ್ಕೆ ಬೇರೆ ದುಡ್ಡು. ಎಳ್ಳಿನ ತೋಫು ಕೇಳಿ ತಿನ್ನಿ: ಹೆಸರಿಗೆ ತೋಫು, ಸೋಯಾ ಇಲ್ಲವೇ ಇಲ್ಲ, ಎಳ್ಳು ರುಬ್ಬಿ ಕುಜು ಗೆಡ್ಡೆಯ ಹಿಟ್ಟಲ್ಲಿ ಕಾಸಿ ಹೆಪ್ಪುಗಟ್ಟಿಸಿದ್ದು. ಯುಬಾ ಅಂದರೆ ಸೋಯಾ ಹಾಲಿನ ಕೆನೆ, ಅದೂ ಈ ಊರಿನ ಹೆಮ್ಮೆ.

ದಿನಾ ಶೋಜಿನ್ ಊಟ ಜೇಬಿಗೆ ಭಾರ. ಅಡುಗೆಮನೆ ಇರೋ ಬಾಡಿಗೆ ಮನೆ ಹಿಡಿದು ಮಸುಗಾತಾ ಬೀದಿಯಿಂದ ತಂದು ಬೇಯಿಸಿಕೊಳ್ಳಿ. ಅಲ್ಲಿಯ ಅಕ್ಕಿ ಅಂಟಂಟು, ಸಾರನ್ನಕ್ಕೆ ಹೊಂದಲ್ಲ, ಮೊಸರನ್ನಕ್ಕೆ ಮಾತ್ರ ಹೇಳಿ ಮಾಡಿಸಿದ್ದು. ಮೊಸರಿಗೆ ಮೇಜಿ ಕಂಪನಿಯ 'ಬಲ್ಗೇರಿಯಾ' 400 ಗ್ರಾಂ ಡಬ್ಬಿ ತಗೊಳ್ಳಿ, ಸಕ್ಕರೆ ಹಾಕದ್ದು. ಸಕ್ಕರೆ ಇಲ್ಲ ಅನ್ನೋಕೆ 'ಮುತೋ'. ಇಲ್ಲಿಂದ ಚಟ್ನಿಪುಡಿ, ಸಾರಿನ ಪುಡಿ, ಉಪ್ಪಿನಕಾಯಿ ಒಯ್ಯಿರಿ. ಹಸಿ ಕರಿಬೇವು, ಮಾವಿನಹಣ್ಣು, ಹಸಿಮೆಣಸಿನಕಾಯಿ ಬೇಡ, ಸಸ್ಯ ಆರೋಗ್ಯದ ಪ್ರಮಾಣಪತ್ರ ಇಲ್ಲದೆ ಒಳಗೆ ಬಿಡಲ್ಲ.

ನಮ್ಮ ಕರೆಂಟ್ ಕೆಟಲನ್ನೂ ಮನೆಯಲ್ಲೇ ಬಿಡಿ. ಅಲ್ಲಿಯ ವೋಲ್ಟೇಜು 100. ನಮ್ಮ 230 ವೋಲ್ಟಿನ 1500 ವಾಟ್ ಕೆಟಲ್ ಅಲ್ಲಿ 300 ವಾಟ್ ಕೂಡ ಎಳೆಯಲ್ಲ, ಯಾಕಂದರೆ ವೋಲ್ಟೇಜ್ ಅರ್ಧಕ್ಕಿಂತ ಇಳಿದರೆ ಶಕ್ತಿ ಕಾಲುಭಾಗಕ್ಕಿಂತ ಕೆಳಗಿಳಿಯುತ್ತೆ. ಇಲ್ಲಿ ನಾಲ್ಕೈದು ನಿಮಿಷಕ್ಕೆ ಕುದಿಯೋ ಒಂದು ಲೀಟರ್ ನೀರಿಗೆ ಅಲ್ಲಿ ಇಪ್ಪತ್ತು ನಿಮಿಷ ದಾಟುತ್ತೆ. ಮಿಕ್ಸಿ, ರೈಸ್ ಕುಕ್ಕರಿಗೂ ಇದೇ ಪಾಡು. ಫೋನಿನ ಚಾರ್ಜರು 100ರಿಂದ 240ರವರೆಗೂ ಕೆಲಸ ಮಾಡುತ್ತೆ, ಎರಡು ಚಪ್ಪಟೆ ಕಡ್ಡಿಯ ಪಿನ್ ಕೊಂಡರೆ ಸಾಕು. ಸ್ಟೀಲಿನ ಕಾಫಿ ಫಿಲ್ಟರಿಗೆ ಯಾವ ವೋಲ್ಟೇಜೂ ಬೇಡ, ಅದನ್ನು ತಪ್ಪದೇ ಇಟ್ಟುಕೊಳ್ಳಿ.

ನೋಡೋ ಜಾಗಗಳ ಪೈಕಿ ಬೆಂಗಳೂರಿನವರು ಬಿಡಬಾರದ್ದು ಒಂದು ಕಾಲುವೆ. 1869ರಲ್ಲಿ ರಾಜಧಾನಿ ಟೋಕಿಯೊಗೆ ಹೋದ ಮೇಲೆ ಕ್ಯೋಟೊ ಸೊರಗಿತು. ಊರು ಎತ್ತಲು ಬೀವಾ ಸರೋವರದಿಂದ ಬೆಟ್ಟ ಕೊರೆದು ಕಾಲುವೆ ತಂದರು, ಎಂಜಿನಿಯರ್ ತನಾಬೆ ಸಕುರೊ ಆಗಿನ್ನೂ ಕಾಲೇಜು ಮುಗಿಸಿದ್ದ ಹುಡುಗ. 1890ಕ್ಕೆ ಕಾಲುವೆ ಮುಗೀತು, 1891ರಲ್ಲಿ ಕೆಅಗೆ ಅನ್ನೋ ಕಡೆ ಅದೇ ನೀರಿಂದ ಕರೆಂಟು, 1895ರಲ್ಲಿ ಆ ಕರೆಂಟಿಂದ ಜಪಾನಿನ ಮೊದಲ ಟ್ರಾಮು. ನಮ್ಮ ಶಿವನಸಮುದ್ರ ಶುರುವಾದದ್ದು 1902ರಲ್ಲಿ, ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ವಿಶ್ವೇಶ್ವರಯ್ಯನವರು ಜಪಾನಿಗೆ ಹೋಗಿದ್ದು 1898ರಲ್ಲಿ, ಅಂದರೆ ಇದೆಲ್ಲ ಹೊಸದಾಗಿ ಹೊಳೀತಿದ್ದ ಕಾಲ. ಕ್ಯೋಟೊದವರು ಇವತ್ತಿಗೂ ಕುಡಿಯೋದು ಆ ಸರೋವರದ ನೀರೇ. ಕಾವೇರಿ ನೀರನ್ನು ದೂರದಿಂದ ತರಿಸಿ ಕುಡಿಯೋ ನಮಗೆ ಅದರ ಬೆಲೆ ಬೇರೆಯವರು ಹೇಳಬೇಕಾಗಿಲ್ಲ.

ನಡಿಗೆ ಹೀಗಿರಲಿ. ತೋಜಾಯ್ ಮೆಟ್ರೊದ ಕೆಅಗೆ ಸ್ಟೇಷನಲ್ಲಿ ಇಳಿದರೆ ಪಕ್ಕದಲ್ಲೇ ಒಂದು ಇಟ್ಟಿಗೆ ಸುರಂಗ, ಒಳಗೆ ನಿಂತು ಮೇಲೆ ನೋಡಿ: ಇಟ್ಟಿಗೆಯನ್ನು ನೇರ ಜೋಡಿಸದೆ ಹುರಿ ತಿರುವಿದ ಹಾಗೆ ಓರೆಯಾಗಿ ಕಟ್ಟಿದ್ದಾರೆ. ಅದರ ಮೇಲೆ 582 ಮೀಟರ್ ಇಳಿಜಾರಿನ ಹಳಿ, ಒಂದು ಕಾಲಕ್ಕೆ ದೋಣಿಗಳನ್ನೇ ಬಂಡಿಯ ಮೇಲೇರಿಸಿ ಎಳೀತಿದ್ದ ದಾರಿ. ಮುಂದೆ ನಾನ್‌ಜೆನ್‌ಜಿ ದೇವಾಲಯದೊಳಗೆ 1888ರ ಇಟ್ಟಿಗೆ ಕಮಾನುಗಳ ಮೇಲೆ ನೀರು ಹಾದುಹೋಗುತ್ತೆ. ಎಲ್ಲರೂ ಕಮಾನಿನ ಕೆಳಗೆ ಫೋಟೊ ತೆಗೆದು ಹೊರಟುಬಿಡ್ತಾರೆ. ಪಕ್ಕದ ಮೆಟ್ಟಿಲು ಹತ್ತಿ, ಮೇಲೆ ನೀರು ರಭಸವಾಗಿ ಹರಿಯೋದು ಕಾಣುತ್ತೆ. ಅಲ್ಲಿಂದ ಉತ್ತರಕ್ಕೆ ಸುಮಾರು ಎರಡು ಕಿ.ಮೀ. 'ತತ್ವಜ್ಞಾನಿಯ ದಾರಿ' ಅನ್ನೋ ಕಾಲುದಾರಿ. ಅದರ ಪಕ್ಕದ ಕಾಲುವೆ ಹರಿಯೋದು ಉತ್ತರಕ್ಕೆ, ಕಾಮೊ ಹೊಳೆಗೆ ಉಲ್ಟಾ. ನೀರು ನೋಡಿ ದಿಕ್ಕು ಹಿಡಿಯೋರು ಇಲ್ಲೊಂದೇ ಕಡೆ ದಾರಿ ತಪ್ಪಬೇಕು.

ಇನ್ನೊಂದು ತೋಜಿ. 796ರಲ್ಲಿ ಶುರುವಾದ ದೇವಾಲಯ, ಸುಮಾರು 55 ಮೀಟರ್ ಎತ್ತರದ ಮರದ ಗೋಪುರ. ಜನ ಗೋಪುರ ನೋಡಿ ಹೊರಡ್ತಾರೆ, ನೀವು ಉಪನ್ಯಾಸ ಮಂದಿರದೊಳಗೆ ಹೋಗಿ. 21 ಮೂರ್ತಿಗಳಲ್ಲಿ ಆನೆಯ ಮೇಲೆ ಕೂತಿರೋದು ತೈಶಾಕುತೆನ್, ಅಂದರೆ ಇಂದ್ರ. ಹಂಸಗಳ ಮೇಲಿರೋದು ಬೋನ್‌ತೆನ್, ಬ್ರಹ್ಮ. ವಾಹನ ನೋಡಿ ದೇವರನ್ನು ಗುರುತಿಸೋ ವಿದ್ಯೆ ನಮಗೆ ಮನೆಯಲ್ಲೇ ಬಂದಿದೆ. ಸ್ಮಶಾನಗಳ ಮರದ ಹಲಗೆಗಳ ಮೇಲೆ ಬ್ರಾಹ್ಮಿಯಿಂದ ಹುಟ್ಟಿದ ಸಿದ್ಧಂ ಲಿಪಿ ಇರುತ್ತೆ: ಮೇಲಿಂದ ಕೆಳಕ್ಕೆ ಖ, ಹ, ರ, ವ, ಅ. ಆಕಾಶ, ವಾಯು, ಅಗ್ನಿ, ಜಲ, ಪೃಥ್ವಿ. ಪ್ರತಿ ತಿಂಗಳು 21ಕ್ಕೆ ತೋಜಿಯಲ್ಲಿ ಸಂತೆ, ಹಳೇ ಕಿಮೊನೊದಿಂದ ಸುತ್ತಿಗೆಯವರೆಗೆ. ಸಾಧ್ಯವಾದರೆ ಆ ತಾರೀಖು ಸೇರಿಸಿ ಟಿಕೆಟ್ ಮಾಡಿ.

ಇನಾರಿಯ ಬಗ್ಗೆ ಒಂದೇ ಮಾತು: ಇಳಿಯುವಾಗ ನಿಧಾನಿಸಿ. ಹತ್ತುವಾಗ ತೋರಣಗಳ ಮುಖ ಖಾಲಿ, ಇಳಿಯುವಾಗ ಕಾಣೋ ಬೆನ್ನಿನ ತುಂಬ ದಾನಿಗಳ ಹೆಸರು, ತಾರೀಖು. ನಮ್ಮ ದೇವಸ್ಥಾನದ ಟ್ಯೂಬ್‌ಲೈಟ್ ಮೇಲೆ ಸೇವಾಕರ್ತರ ಹೆಸರು ಬರೆಸಿದ ಹಾಗೇ. ಗೇಷಾಗಳ ಹಳೇ ಬೀದಿಗಳಿರೋ ಗಿಯೋನ್‌ನ ಕೆಲವು ಖಾಸಗಿ ಓಣಿಗಳಿಗೆ 2024ರಿಂದ ಪ್ರವಾಸಿಗರಿಗೆ ಪ್ರವೇಶವಿಲ್ಲ, 10,000 ಯೆನ್ ದಂಡದ ಬೋರ್ಡಿದೆ. ಸರಿಯಾಗೇ ಮಾಡಿದ್ದಾರೆ.

ಕಾಲದ ಬಗ್ಗೆ: ನಮ್ಮ ಬೇಸಿಗೆ ರಜೆಯ ಏಪ್ರಿಲ್ ಕೊನೆ, ಮೇ ಮೊದಲ ವಾರ ಅವರ ಸಾಲು ರಜೆ, ಹೋಗಬೇಡಿ. ಆಗಸ್ಟಿನ ಸೆಕೆ ಬೆಂಗಳೂರಿನವರಿಗೆ ತಡೆಯೋಕಾಗಲ್ಲ. ದಸರಾ ರಜೆಗೆ ಹವೆ ಹಿತ. ಜನ ಕಡಿಮೆ ಬೇಕಿದ್ದರೆ ಫೆಬ್ರವರಿ, ಆದರೆ ಹಳೇ ಮರದ ಮನೆಗಳಲ್ಲಿ ನೆಲದಿಂದಲೇ ಚಳಿ ಏಳುತ್ತೆ, ಥರ್ಮಲ್ ಬಟ್ಟೆ ಇಲ್ಲದೆ ಮಾಚಿಯಾ ಅನ್ನೋ ಆ ಮನೆ ಹಿಡಿಯಬೇಡಿ.

ಆ ಚಳಿಗೆ ಮದ್ದು ಸೆಂತೊ, ಬೀದಿಯ ಸ್ನಾನದಮನೆ. ನಾಚಿಕೆ ಮೊದಲ ಐದು ನಿಮಿಷ ಮಾತ್ರ. ಚಪ್ಪಲಿ ಬಾಗಿಲಲ್ಲೇ ಪೆಟ್ಟಿಗೆಗೆ ಹಾಕಿ, ಬಟ್ಟೆ ಪೂರ್ತಿ ಬಿಚ್ಚಿ ಒಳಗೆ ಹೋಗಿ, ಕುಳ್ಳು ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ಮೈತೊಳೆದು, ನೊರೆ ಒಂದಿಷ್ಟೂ ಉಳಿಯದ ಮೇಲೆ ತೊಟ್ಟಿಗೆ ಇಳೀರಿ. ಪುಟ್ಟ ಟವೆಲ್ ನೀರಿಗೆ ತಾಗಬಾರದು, ತಲೆ ಮೇಲಿಟ್ಟುಕೊಳ್ತಾರೆ. ಮೊದಲ ಸಲ ಐದು ನಿಮಿಷ ಸಾಕು, ಎದ್ದಾಗ ತಲೆ ಸುತ್ತಬಹುದು. ಒಂದೇ ಸೆಂತೊಗೆ ಒಂದೇ ಹೊತ್ತಿಗೆ ಮೂರು ದಿನ ಹೋಗಿ, ಅದೇ ಮುದುಕರು ಅದೇ ನಲ್ಲಿಯ ಮುಂದೆ ಕೂತಿರ್ತಾರೆ. ನಾಲ್ಕನೇ ದಿನ ತಲೆಬಾಗಿಸಿ ನಿಮ್ಮನ್ನೂ ಮಾತಾಡಿಸಿದರೆ ಆಶ್ಚರ್ಯವಿಲ್ಲ.

ಕೊನೆಗೆ ಕಾರ್ಡಿನ ಮಾತು. ರೈಲು, ಬಸ್ಸಿಗೆಲ್ಲ ತಾಗಿಸೋಕೆ ಮೊದಲ ದಿನ ಕೊಳ್ಳೋ ಐಕೋಕಾ ಅನ್ನೋ ಪ್ರಿಪೇಯ್ಡ್ ಕಾರ್ಡು 2,000 ಯೆನ್, ಅದರಲ್ಲಿ 500 ಠೇವಣಿ. ಇಲ್ಲಿ ಕೊಂಡ ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಇದನ್ನು ಹಾಕಿಕೊಳ್ಳೋಕೆ ಬೇಕಾದ ಚಿಪ್ ಇರಲ್ಲ, ಪ್ಲಾಸ್ಟಿಕ್ ಕಾರ್ಡೇ ಗತಿ. ಯಂತ್ರದಲ್ಲಿ ನೋಟು ಹಾಕಿ ತುಂಬಿಸಿ. ವಾಪಸ್ ಕೊಟ್ಟರೆ ಉಳಿದ ಮೊತ್ತದಲ್ಲಿ 220 ಯೆನ್ ಮುರಿದುಕೊಂಡು ಠೇವಣಿ ಸಮೇತ ಕೊಡ್ತಾರೆ, ಮೊದಲೇ ಸೊನ್ನೆಗೆ ಇಳಿಸಿಕೊಂಡರೆ 500 ಪೂರ್ತಿ ಸಿಗುತ್ತೆ. ಅದೂ ಪಶ್ಚಿಮದ ಜೆಆರ್ ಸ್ಟೇಷನ್‌ಗಳಲ್ಲಿ ಮಾತ್ರ. ನರಿತಾ ತಲುಪಿದ ಮೇಲೆ ನೆನಪಾದರೆ ಆಗಲ್ಲ. ಕೊಡದಿದ್ದರೂ ನಷ್ಟವಿಲ್ಲ. ಕೊನೇ ಸಲ ಬಳಸಿದ ದಿನದಿಂದ ಹತ್ತು ವರ್ಷ ಕಾರ್ಡು ಜೀವಂತ ಇರುತ್ತೆ, ಪಾಸ್‌ಪೋರ್ಟ್ ಕವರಿನ ಹಿಂದಿನ ಜೇಬಲ್ಲಿ ಸಲೀಸಾಗಿ ಕೂರುತ್ತೆ.